ಶೈನಿ ಪೋಕೆಮಾನ್ ಬೇಟೆ

ಪೋಕೆಮಾನ್ ವಿಡಿಯೊ ಗೇಮ್‌ಗಳಲ್ಲಿ ಸಹಜ ಬಣ್ಣ ಬಿಟ್ಟು ಬೇರೆ ಬಣ್ಣದಲ್ಲಿ ಮಿನುಗುತ್ತ ಕಾಣಿಸಿಕೊಳ್ಳುವ ಅಪರೂಪದ ಜೀವಿಗಳನ್ನು ಹುಡುಕಿ ಹಿಡಿಯುವ ಹವ್ಯಾಸ. ಜಪಾನಿನಲ್ಲಿ 1999ರಲ್ಲಿ ಬಿಡುಗಡೆಯಾದ ಗೋಲ್ಡ್ ಮತ್ತು ಸಿಲ್ವರ್ ಆಟಗಳಲ್ಲಿ ಶೈನಿಗಳು ಮೊದಲು ಬಂದವು. ಅಲ್ಲಿ ‘ಲೇಕ್ ಆಫ್ ರೇಜ್’ ಸರೋವರದ ಕೆಂಪು ಗ್ಯಾರಡೋಸ್ ಕಥೆಯ ಭಾಗವಾಗಿಯೇ ಎದುರಾಗುತ್ತದೆ. ಉಳಿದವು ಅದೃಷ್ಟಕ್ಕೆ ಬಿಟ್ಟದ್ದು. ಆರಂಭದಲ್ಲಿ 8,192 ಭೇಟಿಗಳಿಗೆ ಸರಾಸರಿ ಒಂದರಂತಿದ್ದ ಸಾಧ್ಯತೆ 2013ರ ಎಕ್ಸ್ ಮತ್ತು ವೈ ಆಟಗಳಿಂದ 4,096ಕ್ಕೆ ಒಂದಾಯಿತು. ಸಾಮಾನ್ಯ ಹುಡುಕಾಟದಲ್ಲಿ ಪ್ರತಿ ಭೇಟಿಯೂ ಸ್ವತಂತ್ರ: ಸಾವಿರ ಸಲ ಸಿಗದಿದ್ದರೂ ಮುಂದಿನ ಸಲದ ಸಾಧ್ಯತೆ ಹೆಚ್ಚುವುದಿಲ್ಲ. ಹಾಗಾಗಿ ತಾಳ್ಮೆಯೇ ಇಲ್ಲಿ ದೊಡ್ಡ ಬಂಡವಾಳ. ಬೇರೆ ಬೇರೆ ಭಾಷೆಯ ಆಟಗಳಿಂದ ಬಂದ ಎರಡು ಪೋಕೆಮಾನ್‌ಗಳಿಂದ ಮೊಟ್ಟೆ ಪಡೆಯುವ ‘ಮಸುದಾ ವಿಧಾನ’, ‘ಶೈನಿ ಚಾರ್ಮ್’ ಎಂಬ ವಸ್ತು ಅವಕಾಶವನ್ನು ಹೆಚ್ಚಿಸುತ್ತವೆ. ಇಂದಿನ ಆಟಗಳಲ್ಲಿ ಶೈನಿಗೆ ಕಾದಾಟದಲ್ಲಿ ಹೆಚ್ಚಿನ ಬಲವೇನೂ ಇಲ್ಲ.