ಧೂಮಪಾನ ತ್ಯಜನೆಯಲ್ಲಿ ಇತರರ ನೆರವು

ಬೀಡಿ, ಸಿಗರೇಟು ಬಿಡಲು ಮನೋಬಲವೊಂದೇ ಸಾಕೆಂಬ ನಂಬಿಕೆ ವ್ಯಾಪಕ. ಆದರೆ ಯಾರ ನೆರವೂ ಇಲ್ಲದೆ ಮಾಡಿದ ಒಂದು ಪ್ರಯತ್ನದಲ್ಲಿ 6ರಿಂದ 12 ತಿಂಗಳ ಬಳಿಕವೂ ಸೇದದೆ ಉಳಿಯುವವರು ನೂರಕ್ಕೆ 3ರಿಂದ 5 ಮಂದಿ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ನಿವಾಸಿಗಳನ್ನು ದಶಕಗಟ್ಟಲೆ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾಳಸಂಗಾತಿ ಬಿಟ್ಟರೆ ಇನ್ನೊಬ್ಬರು ಸೇದುವ ಸಾಧ್ಯತೆ ಶೇ. 67ರಷ್ಟು ತಗ್ಗುತ್ತದೆ. ಸಮಾನಮನಸ್ಕರೇ ಜೊತೆಗೂಡುವುದರಿಂದ ಹೀಗೆ ಕಾಣುತ್ತದೆಂಬ ಆಕ್ಷೇಪ ತಳ್ಳಿಹಾಕುವಂಥದಲ್ಲ. ಆದರೂ ಜನರನ್ನು ಚೀಟಿ ಎತ್ತಿದಂತೆ ವಿಂಗಡಿಸಿ ನಡೆಸಿದ ಪ್ರಯೋಗಗಳಲ್ಲಿ ಆಪ್ತಸಮಾಲೋಚನೆ ಪಡೆದವರೇ ಹೆಚ್ಚು ಯಶಸ್ವಿಗಳು. ಮನೆಯವರ ಬೆಂಬಲದ ಪ್ರಯೋಗಗಳು ಅಷ್ಟು ಸ್ಪಷ್ಟ ಫಲ ಕೊಟ್ಟಿಲ್ಲ. ಕಾಡಿಸುವುದನ್ನೇ ಪ್ರೋತ್ಸಾಹವೆಂದು ತಿಳಿಯುವವರು ಕಡಿಮೆಯೇನಲ್ಲ. ತರಬೇತಾದ ಸಲಹೆಗಾರರು ಬೇಕಾಗುವುದು ಇಲ್ಲೇ. 2016ರಲ್ಲಿ ದೆಹಲಿಯಲ್ಲಿ ಆರಂಭವಾದ ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿಯ (1800-11-2356) ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ಕರೆಗೆ ಶುಲ್ಕವಿಲ್ಲ.