ಕೈರೋಪ್ರಾಕ್ಟರ್ ಮತ್ತು ವೈದ್ಯ
ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಒತ್ತಿ ನೋವು ಶಮನಗೊಳಿಸುವ ಅಮೆರಿಕ ಮೂಲದ ಪದ್ಧತಿ ಕೈರೋಪ್ರಾಕ್ಟಿಕ್. ಅದನ್ನು ನಡೆಸುವವನು ಕೈರೋಪ್ರಾಕ್ಟರ್. 1895ರಲ್ಲಿ ಅಯೋವಾದ ಡ್ಯಾವನ್‌ಪೋರ್ಟ್‌ನಲ್ಲಿ ಅಯಸ್ಕಾಂತ ಚಿಕಿತ್ಸಕ ಡಿ. ಡಿ. ಪಾಮರ್, ಕಿವಿ ಮಂದವಾಗಿದ್ದ ಹಾರ್ವಿ ಲಿಲಾರ್ಡ್ ಎಂಬ ಜಾಡಮಾಲಿಯ ಬೆನ್ನೆಲುಬನ್ನು ಒತ್ತಿ ಶ್ರವಣಶಕ್ತಿ ಮರಳಿಸಿದೆನೆಂದು ಹೇಳಿಕೊಂಡ. ಕಿವಿಯ ನರ ಬೆನ್ನುಮೂಳೆಯೊಳಗೆ ಹಾಯುವುದೇ ಇಲ್ಲವೆಂಬುದು ಬೇರೆ ಮಾತು. ಒತ್ತಿದಾಗ ಕೇಳುವ ‘ಲಟಕ್’ ಸದ್ದು ಬೆರಳಿನ ನೆಟಿಕೆಯಂಥದೇ: ಕೀಲಿನ ದ್ರವದಲ್ಲಿ ಅನಿಲ ಮಾಡುವ ಸದ್ದು, ಮೂಳೆ ಸ್ವಸ್ಥಾನಕ್ಕೆ ಮರಳಿದ ಗುರುತಲ್ಲ.

ಅಮೆರಿಕದಲ್ಲಿ ಕೈರೋಪ್ರಾಕ್ಟರ್, ವೈದ್ಯ ಇಬ್ಬರಿಗೂ ‘ಡಾಕ್ಟರ್’ ಬಿರುದುಂಟು. ಎಂ.ಡಿ. ಪದವೀಧರ ನಾಲ್ಕು ವರ್ಷದ ವೈದ್ಯಕೀಯ ಕಾಲೇಜಿನ ಬಳಿಕ ಆಸ್ಪತ್ರೆಯಲ್ಲಿ ಮೂರರಿಂದ ಏಳು ವರ್ಷ ರೆಸಿಡೆನ್ಸಿ ತರಬೇತಿ ಪಡೆಯುತ್ತಾನೆ, ಡಿ.ಸಿ. (ಡಾಕ್ಟರ್ ಆಫ್ ಕೈರೋಪ್ರಾಕ್ಟಿಕ್) ಪದವೀಧರನಿಗೆ ಅದು ಕಡ್ಡಾಯವಲ್ಲ. ಶಸ್ತ್ರಚಿಕಿತ್ಸೆ ಅವನ ವ್ಯಾಪ್ತಿಗೆ ಬರುವುದಿಲ್ಲ, ಔಷಧ ಬರೆಯುವ ಅಧಿಕಾರವೂ ಸಾಮಾನ್ಯವಾಗಿ ಇಲ್ಲ. ಕೈರೋಪ್ರಾಕ್ಟರ್‌ಗಳನ್ನು ಬಹಿಷ್ಕರಿಸಲು ಸಂಚು ನಡೆಸಿದ್ದಕ್ಕಾಗಿ 1987ರಲ್ಲಿ ಫೆಡರಲ್ ನ್ಯಾಯಾಲಯ ವೈದ್ಯರ ಸಂಘವಾದ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ವಿರುದ್ಧ ತೀರ್ಪಿತ್ತಿತು.

ಸೊಂಟನೋವಿಗೆ ಈ ಚಿಕಿತ್ಸೆಯಿಂದ ಸಾಧಾರಣ ಉಪಶಮನ ಸಿಗಬಹುದು. ಆಸ್ತಮಾ, ಕಿವಿಸೋಂಕುಗಳಿಗೂ ಮದ್ದೆಂಬ ಮಾತಿಗೆ ಆಧಾರ ಸಾಲದು. ಕುತ್ತಿಗೆ ತಿರುಚುವಾಗ ರಕ್ತನಾಳ ಸೀಳಿ ಪಾರ್ಶ್ವವಾಯು ತಗುಲಿದ ಪ್ರಕರಣಗಳು, ವಿರಳವಾದರೂ, ದಾಖಲಾಗಿವೆ.