ಅಂಟಿನ ಶೇಷವೂ ಅದರ ನಿವಾರಣೆಯೂ: ಒಂದು ರಾಸಾಯನಿಕ ಇತಿಹಾಸ

ಹಲಸಿನ ಹಣ್ಣನ್ನು ಕೊಯ್ಯುವ ಮುನ್ನ ಕತ್ತಿಗೂ ಕೈಗೂ ಕೊಬ್ಬರಿ ಎಣ್ಣೆಯನ್ನು ಸವರಿಕೊಳ್ಳತಕ್ಕದ್ದೆಂಬುದು ಮಲೆನಾಡು ಕರಾವಳಿಗಳ ಮನೆಗಳಲ್ಲಿ ಯಾರೂ ಯಾರಿಗೂ ಬೋಧಿಸಬೇಕಾಗಿಲ್ಲದ ಶಾಸ್ತ್ರ. ಮರೆತು ಕೈಹಾಕಿದವನ ಬೆರಳುಗಳಿಗೆ ಮೇಣವು ಹತ್ತಿ ಒಣಗಿತೆಂದರೆ ಎಷ್ಟು ನೀರು ಸುರಿದರೂ ಸೀಗೆಪುಡಿಯಿಂದ ಎಷ್ಟು ಉಜ್ಜಿದರೂ ಅದು ಕದಲುವುದಿಲ್ಲ; ಎಣ್ಣೆಯನ್ನು ಹಚ್ಚಿ ಸ್ವಲ್ಪ ಹೊತ್ತು ಕಾದರೆ ಕರಗಿ ಬರುತ್ತದೆ; ತಾಳ್ಮೆಯಿಲ್ಲದವರು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ ಕ್ಷಣದಲ್ಲಿ ಬಿಡಿಸಿಕೊಳ್ಳುತ್ತಾರೆ, ಆದರೆ ಆಮೇಲೆ ಕೈ ಬೂದಿ ಬಳಿದಂತೆ ಒಣಗಿ ಉರಿಯುತ್ತದೆ. ಆ ಮೇಣದಲ್ಲಿರುವುದು ರಬ್ಬರಿನ ಜಾತಿಯ ದೀರ್ಘವಾದ ಹೈಡ್ರೋಕಾರ್ಬನ್ ಸರಪಣಿಗಳೂ ರಾಳಗಳೂ ಆದುದರಿಂದ, ಅವಕ್ಕೆ ಸಜಾತೀಯವಾದ ಸ್ನೇಹದ್ರವ್ಯವೇ ಅವುಗಳನ್ನು ಕರಗಿಸಬಲ್ಲುದು. ಚರ್ಮದಿಂದಲೂ ಇತರ ಮೇಲ್ಮೈಗಳಿಂದಲೂ ಅಂಟಿನ ಶೇಷವನ್ನು ತೊಡೆಯುವುದಕ್ಕಾಗಿ ಸುಮಾರು ನೂರೈವತ್ತು ವರ್ಷಗಳಲ್ಲಿ ರಸಾಯನಜ್ಞರು ಹುಡುಕಿದುದೆಲ್ಲವೂ ಈ ಎಣ್ಣೆಗೂ ಈ ಸೀಮೆಎಣ್ಣೆಗೂ ನಡುವೆ ಎಲ್ಲಿಯೋ ಇರುವ ಒಂದು ದ್ರವವನ್ನೇ ಎಂಬುದು ಪ್ರಸ್ತುತ ಲೇಖಕನ ಮತ. ಅಂಟಿಗೆ ಯಾವುದು ಬಂಧುವೋ ಅದು ಚರ್ಮದ ಕೊಬ್ಬಿಗೂ ಬಂಧುವೇ ಆಗಿರುವುದರಿಂದ, ಒಂದನ್ನು ಕರಗಿಸಿ ಇನ್ನೊಂದನ್ನು ಉಳಿಸುವುದೇ ಈ ವಿದ್ಯೆಯ ತೊಡಕು.

ಪ್ರಾಚೀನ ಯೂರೋಪಿನ ವೈದ್ಯರಿಗೆ ಈ ತೊಡಕು ಅಷ್ಟಾಗಿ ಕಾಣಲಿಲ್ಲ. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಟೈಬೀರಿಯಸ್ ಚಕ್ರವರ್ತಿಯ ವೈದ್ಯನಾಗಿದ್ದ ಮೆನೆಕ್ರಾಟಿಸನ ಹೆಸರಿನೊಡನೆ ಬಂದಿರುವ ಡಯಾಕಿಲಾನ್ ಎಂಬ ಲೇಪವು, ಮುಂದೆ ಲಿಥಾರ್ಜ್ ಎಂಬ ಸೀಸದ ಆಕ್ಸೈಡನ್ನು ಆಲಿವ್ ಎಣ್ಣೆಯೊಡನೆ ಕುದಿಸಿ ಮಾಡುವ ಒಂದು ಬಗೆಯ ಸೀಸದ ಸಾಬೂನಾಗಿ ನೆಲೆಗೊಂಡು, ಹತ್ತೊಂಬತ್ತನೆಯ ಶತಮಾನದವರೆಗೂ ಔಷಧಾಲಯಗಳಲ್ಲಿ ರಾಜ್ಯವಾಳಿತು. ಅದು ಸ್ವತಃ ಜಿಡ್ಡಿನಿಂದಾದದ್ದು. ಬೆಚ್ಚಗೆ ಮಾಡಿ ಹಚ್ಚಬೇಕು, ಎಣ್ಣೆ ಸೋಕಿಸಿದರೆ ಬಿಡುತ್ತದೆ. ಸೀಸವು ವಿಷವೆಂಬುದು ಬೇರೆಯ ಮಾತು. ಆದರೆ ಡಾಂಬರಿನಂಥ ಪಿಚ್ಚನ್ನೂ ರಾಳವನ್ನೂ ಸೇರಿಸಿದ ಲೇಪಗಳು ಇಷ್ಟು ಸಾಧುವಾಗಿರಲಿಲ್ಲ. ಫಾವಸ್ ಎಂಬ ತಲೆಯ ಹುಳುಕಡ್ಡಿ ರೋಗಕ್ಕೆ ಯೂರೋಪಿನಲ್ಲಿ ಬಹುಕಾಲ ನಡೆದ ಚಿಕಿತ್ಸೆಯೆಂದರೆ, ಪಿಚ್ಚಿನ ಟೋಪಿಯೊಂದನ್ನು ಮಕ್ಕಳ ತಲೆಗೆ ಅಂಟಿಸಿ, ಅದು ಗಟ್ಟಿಯಾದ ಮೇಲೆ ಕೂದಲ ಬೇರುಸಹಿತ ಒಮ್ಮೆಗೇ ಕಿತ್ತುಬಿಡುವುದು. ಅಲ್ಲಿ ಬಿಡಿಸುವಾಗಿನ ನೋವೇ ಔಷಧವೆನಿಸಿದ್ದುದರಿಂದ ಮೃದುವಾಗಿ ಬಿಡಿಸುವ ದ್ರವ್ಯವನ್ನು ಯಾರು ತಾನೆ ಅರಸಿಯಾರು?

ರಬ್ಬರು ಬಂದ ಮೇಲೆ ಸ್ಥಿತಿ ಬದಲಾಯಿತು. 1845ರಲ್ಲಿ ಅಮೆರಿಕದ ಹೊರೇಸ್ ಡೇ ಮತ್ತು ವಿಲಿಯಂ ಶೆಕಟ್ ಎಂಬವರು ರಬ್ಬರನ್ನು ರಾಳಾದಿಗಳೊಡನೆ ಕರಗಿಸಿ ಬಟ್ಟೆಗೆ ಬಳಿದು ಮಾಡುವ ಪ್ಲಾಸ್ಟರಿಗೆ ಸ್ವಾಮ್ಯಪತ್ರವನ್ನು ಪಡೆದರು. ಬಿಸಿಯಾಗಲಿ ನೀರಾಗಲಿ ಬೇಕಿಲ್ಲದೆ ಒತ್ತಿದ ಮಾತ್ರಕ್ಕೆ ಹಿಡಿಯುವುದು ಇದರ ಗುಣ. 1882ರ ಮಾರ್ಚ್ 28ರಂದು ಹ್ಯಾಂಬರ್ಗ್ ನಗರದ ಔಷಧಕಾರ ಪಾಲ್ ಬೇಯರ್ಸ್‌ಡಾರ್ಫ್ ಗಟಾಪರ್ಚಾ ಪ್ಲಾಸ್ಟರಿನ ಸ್ವಾಮ್ಯವನ್ನು ಪಡೆದನು. ಚರ್ಮರೋಗಶಾಸ್ತ್ರದಲ್ಲಿ ವಿಖ್ಯಾತನಾದ ಪಾಲ್ ಗೆರ್ಸೊನ್ ಉನ್ನಾ ಅವನಿಗೆ ಮಾರ್ಗದರ್ಶಕನಾಗಿದ್ದನು. ಆ ಸಂಸ್ಥೆಯನ್ನು 1890ರಲ್ಲಿ ಕೊಂಡ ಆಸ್ಕರ್ ಟ್ರೊಪ್ಲೊವಿಟ್ಸ್‌ನ ಕಾಲದಲ್ಲಿ ನಡೆದ ಒಂದು ಪ್ರಸಂಗವನ್ನು ಇಲ್ಲಿ ವಿಸ್ತರಿಸುವುದು ಉಚಿತ. ಅವರು ತಯಾರಿಸಿದ ಹೊಸ ಪ್ಲಾಸ್ಟರೊಂದು ಅತಿ ಬಲವಾಗಿ ಹಿಡಿಯುತ್ತಿತ್ತು, ಆದರೆ ಚರ್ಮವನ್ನು ಕೆರಳಿಸುತ್ತಿತ್ತು. ವೈದ್ಯಕ್ಕೆ ಒಗ್ಗದ ಆ ಸರಕನ್ನು ಎಸೆಯದೆ, 1896ರಲ್ಲಿ ಸೀಟೊ ಎಂಬ ಹೆಸರಿನಿಂದ ಸೈಕಲ್ಲಿನ ಟೈರುಗಳ ತೂತು ಮುಚ್ಚುವ ಪಟ್ಟಿಯಾಗಿ ಮಾರಿದರು. ಮನುಷ್ಯನ ಚರ್ಮ ಒಲ್ಲೆನೆಂದುದನ್ನು ಸೈಕಲ್ಲಿನ ಚರ್ಮ ಒಪ್ಪಿಕೊಂಡಿತು! ವೈದ್ಯರ ಅಂಟುಪಟ್ಟಿಯೂ ಕಾರ್ಖಾನೆಯ ಅಂಟುಪಟ್ಟಿಯೂ ಒಂದೇ ಕುಲದವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಕೆರಳಿಕೆಗೆ ಪರಿಹಾರವಾಗಿ ಒದಗಿದುದು ಸತುವಿನ ಆಕ್ಸೈಡು. ರಾಳದಲ್ಲಿರುವ ಆಮ್ಲಗಳನ್ನು ಅದು ತಣಿಸುತ್ತದೆ. ಅಮೆರಿಕದಲ್ಲಿ 1899ರಲ್ಲಿಯೂ ಜರ್ಮನಿಯಲ್ಲಿ ಲ್ಯೂಕೋಪ್ಲಾಸ್ಟ್ ಎಂಬ ಹೆಸರಿನಿಂದ 1901ರಲ್ಲಿಯೂ ಬಿಳಿಯ ಸತುವಿನ ಪ್ಲಾಸ್ಟರು ಮಾರುಕಟ್ಟೆಗೆ ಬಂದು ಲೋಕದ ಆಸ್ಪತ್ರೆಗಳನ್ನೆಲ್ಲ ತುಂಬಿತು.

ಆ ಪ್ಲಾಸ್ಟರನ್ನು ಕಿತ್ತಮೇಲೆ ಅಂಚಿನುದ್ದಕ್ಕೂ ಕಪ್ಪಾಗಿ ಉಳಿಯುವ ಜಿಗುಟಿನ ಗೆರೆಯನ್ನು ದಾದಿಯರು ಈಥರಿನಿಂದಲೋ ಬೆಂಜೀನಿನಿಂದಲೋ ಒರೆಸುತ್ತಿದ್ದರು. ಬೆಂಜೀನ್ ಎಂದು ಆಗ ಅಂಗಡಿಗಳಲ್ಲಿ ಮಾರುತ್ತಿದ್ದುದು ಬಹುಮಟ್ಟಿಗೆ ಪೆಟ್ರೋಲಿಯಮ್ಮಿನಿಂದ ತೆಗೆದ ಹಗುರವಾದ ಎಣ್ಣೆಯೇ ಹೊರತು, 1825ರಲ್ಲಿ ಫ್ಯಾರಡೇ ಕಂಡುಹಿಡಿದ ಷಟ್ಕೋಣಾಕೃತಿಯ ಬೆಂಜೀನ್ ಅಲ್ಲ. ಎರಡನೆಯದು ರಕ್ತದ ಕ್ಯಾನ್ಸರಿಗೆ ಕಾರಣವಾದುದರಿಂದ ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕು. ಈಥರಂತೂ 1846ರ ಬಾಸ್ಟನ್ನಿನ ಪ್ರದರ್ಶನದಿಂದ ಅರಿವಳಿಕೆಯಾಗಿ ಪ್ರಸಿದ್ಧವಾಗಿ ಶಸ್ತ್ರಶಾಲೆಯಲ್ಲಿ ಸದಾ ಕೈಗೆ ಸಿಗುವಂತಿದ್ದ ದ್ರವ. ಅದು 35 ಡಿಗ್ರಿಯೊಳಗೇ ಕುದಿಯುತ್ತದೆ. ಅದರ ಆವಿ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಿದು ದೂರದ ಬೆಂಕಿಯನ್ನು ತಲಪಬಲ್ಲುದು. ಉರಿಯುವ ಈ ಭಯವೇ ಜನರನ್ನು ಉರಿಯದ ಇನ್ನೊಂದು ದ್ರವದ ಕಡೆಗೆ ನೂಕಿತು. ಫ್ರೆಂಚ್ ವಿಜ್ಞಾನಿ ರೆನೋ 1839ರಲ್ಲಿ ತಯಾರಿಸಿದ್ದ ಕಾರ್ಬನ್ ಟೆಟ್ರಾಕ್ಲೋರೈಡು ಬೆಂಕಿಯನ್ನು ಹೊತ್ತಿಸುವುದಿರಲಿ, ಬೆಂಕಿಯನ್ನು ಆರಿಸುವ ಉಪಕರಣಗಳಲ್ಲಿಯೇ ತುಂಬಲ್ಪಡುತ್ತಿತ್ತು. ಜಿಡ್ಡು ರಾಳ ರಬ್ಬರುಗಳನ್ನೆಲ್ಲ ಅದು ಲೀಲೆಯಿಂದ ಕರಗಿಸುತ್ತದೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಪಾಶ್ಚಾತ್ಯ ಗೃಹಿಣಿಯರ ಕಪಾಟಿನಲ್ಲಿ ಕಲೆ ತೆಗೆಯುವ ದ್ರವವಾಗಿ ಅದು ಇರುತ್ತಿತ್ತು. 1909ರಲ್ಲಿ ಲಂಡನ್ನಿನಲ್ಲಿ ಅದರಿಂದ ತಲೆ ತೊಳೆಸಿಕೊಳ್ಳುತ್ತಿದ್ದ ಮಹಿಳೆಯೊಬ್ಬಳು ಆಸನದಲ್ಲಿಯೇ ಪ್ರಾಣಬಿಟ್ಟಳು. ಆದರೂ, ಯಕೃತ್ತನ್ನೂ ಮೂತ್ರಪಿಂಡಗಳನ್ನೂ ಕೆಡಿಸುವ, ಮದ್ಯಪಾನಿಗಳಲ್ಲಂತೂ ಇಮ್ಮಡಿ ಘೋರವಾಗುವ ಈ ವಿಷವನ್ನು ಗೃಹೋಪಯೋಗದಿಂದ ಅಮೆರಿಕ ಸರ್ಕಾರ ನಿಷೇಧಿಸಿದುದು 1970ರಲ್ಲಿ. ಈ ವಿಳಂಬವನ್ನು ಅಜ್ಞಾನವೆಂದು ಕ್ಷಮಿಸುವುದು ಕಷ್ಟ. ಅನುಕೂಲವೇ ಕಣ್ಣಿಗೆ ಕಟ್ಟಿದ ಬಟ್ಟೆಯಾಗಿತ್ತೆನ್ನಬೇಕು.

ಇಷ್ಟರವರೆಗೆ ಯಾವ ದ್ರವವು ಯಾವ ಅಂಟನ್ನು ಕರಗಿಸುತ್ತದೆಂಬುದು ಕೇವಲ ಅನುಭವದ ಮಾತಾಗಿತ್ತು. ಅದಕ್ಕೆ ಗಣಿತದ ಆಧಾರವನ್ನು ಕೊಟ್ಟವನು ಕ್ಯಾಲಿಫೋರ್ನಿಯದ ಜೋಯೆಲ್ ಹಿಲ್ಡೆಬ್ರಾಂಡ್. ದ್ರವದ ಅಣುಗಳು ಪರಸ್ಪರ ಎಷ್ಟು ಬಿಗಿಯಾಗಿ ಸೆಳೆಯುತ್ತವೆಯೋ ಅದರಿಂದ ಒಂದು ಸಂಖ್ಯೆಯನ್ನು ಲೆಕ್ಕಹಾಕಬಹುದು. ಎರಡು ದ್ರವ್ಯಗಳ ಸಂಖ್ಯೆಗಳು ಸಮೀಪದಲ್ಲಿದ್ದರೆ ಒಂದು ಇನ್ನೊಂದರಲ್ಲಿ ಬೆರೆಯುತ್ತದೆ. ನೈಸರ್ಗಿಕ ರಬ್ಬರಿನ ಸಂಖ್ಯೆ ಸುಮಾರು 16.5, ಹೆಕ್ಸೇನಿನದು 15ಕ್ಕೆ ಸಮೀಪ, ಟಾಲ್ವೀನಿನದು 18ರಷ್ಟು. ಮದ್ಯಸಾರದ ಸಂಖ್ಯೆ 26, ನೀರಿನದು 48ರ ಹತ್ತಿರ. ಹಲಸಿನ ಮೇಣವು ನೀರಿಗೆ ಏಕೆ ಮಣಿಯುವುದಿಲ್ಲವೆಂಬುದೂ, ರಬ್ಬರಿನ ಅಂಟಿನ ಮೇಲೆ ಸ್ಪಿರಿಟ್ ಉಜ್ಜಿದರೆ ಅದು ಉಂಡೆಗಟ್ಟುವುದೇ ಹೊರತು ಏಕೆ ಕರಗುವುದಿಲ್ಲವೆಂಬುದೂ ಈ ಐದು ಸಂಖ್ಯೆಗಳಿಂದಲೇ ತಿಳಿಯುತ್ತದೆ. 1967ರಲ್ಲಿ ಚಾರ್ಲ್ಸ್ ಹ್ಯಾನ್ಸೆನ್ ಎಂಬವನು ಕೋಪನ್‌ಹೇಗನ್ನಿನಲ್ಲಿ ಈ ಒಂದು ಸಂಖ್ಯೆಯನ್ನು ಮೂರಾಗಿ ಸೀಳಿ ಸಿದ್ಧಾಂತವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದನು. ಅಂಟಿನ ಸರಪಣಿಗಳು ಒಂದಕ್ಕೊಂದು ಕೊಂಡಿಹಾಕಿಕೊಂಡಿದ್ದರೆ ದ್ರವವು ಅದನ್ನು ಪೂರ್ತಿಯಾಗಿ ಕರಗಿಸಲಾರದು, ಹೀರಿಸಿ ಉಬ್ಬಿಸುವುದಷ್ಟೆ. ಎಣ್ಣೆ ಹಚ್ಚಿ ಕಾಯಬೇಕೆಂಬ ಮನೆಯ ನಿಯಮಕ್ಕೆ ಕಾರಣ ಇದೇ. ಈ ಸಿದ್ಧಾಂತದಲ್ಲಿ ಮೇಲ್ಮೈಯ ಪ್ರಶ್ನೆಗೆ ಉತ್ತರವಿದೆ, ಚರ್ಮದ ಪ್ರಶ್ನೆಗೆ ಇಲ್ಲ.

ಚರ್ಮದ ಹೊರಪದರವಾದ ಶೃಂಗಸ್ತರವು ದೇಹದ ಬಹುಭಾಗದಲ್ಲಿ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟೂ ದಪ್ಪವಿಲ್ಲ. ಸತ್ತ ಕೋಶಗಳ ನಡುವೆ ಕೊಬ್ಬಿನ ದ್ರವ್ಯಗಳು ಗಾರೆಯಂತೆ ತುಂಬಿಕೊಂಡು, ಒಳಗಿನ ನೀರು ಹೊರಗೆ ಹೋಗದಂತೆಯೂ ಹೊರಗಿನ ವಿಷ ಒಳಗೆ ಬಾರದಂತೆಯೂ ಕಾಯುತ್ತವೆ. 1951ರಲ್ಲಿ ಹರ್ಮನ್ ಪಿಂಕಸ್ ಎಂಬ ಚರ್ಮವಿಜ್ಞಾನಿ, ಅಂಟುಪಟ್ಟಿಯನ್ನು ಅದೇ ಸ್ಥಳದಲ್ಲಿ ಮತ್ತೆಮತ್ತೆ ಒತ್ತಿ ಕಿತ್ತರೆ ಈ ಪದರಗಳು ಒಂದೊಂದಾಗಿ ಏಳುವುದನ್ನು ಬಳಸಿಕೊಂಡು, ಅದನ್ನೇ ಚರ್ಮಪರೀಕ್ಷೆಯ ವಿಧಾನವನ್ನಾಗಿ ಮಾಡಿದನು. ಪ್ರಯೋಗಶಾಲೆಯಲ್ಲಿ ವಿಧಾನವೆನಿಸಿದ್ದು ಆಸ್ಪತ್ರೆಯ ಹಾಸಿಗೆಯಲ್ಲಿ ಗಾಯ. ಅಕಾಲದಲ್ಲಿ ಹುಟ್ಟಿದ ಶಿಶುಗಳಲ್ಲಿಯೂ ವೃದ್ಧರಲ್ಲಿಯೂ ಈ ಪದರ ದುರ್ಬಲವಾದುದರಿಂದ ಪಟ್ಟಿಯನ್ನು ಎಳೆದರೆ ಚರ್ಮವೇ ಸುಲಿದು ಬರುವುದುಂಟು. ಹಾಗಾಗದಿರಲೆಂದು ದ್ರಾವಕ ಹಚ್ಚಿದರೆ ಶಿಶುವಿನ ತೆಳುಚರ್ಮ ಅದನ್ನು ಹೀರಿಕೊಳ್ಳುವುದುಂಟು. 2013ರಲ್ಲಿ ಅಮೆರಿಕದ ತಜ್ಞರ ಮಂಡಲಿಯೊಂದು ವೈದ್ಯಕೀಯ ಅಂಟುಗಳಿಂದಾಗುವ ಚರ್ಮದ ಗಾಯಗಳಿಗೆ ಪ್ರತ್ಯೇಕವಾದ ಹೆಸರನ್ನೂ ವರ್ಗೀಕರಣವನ್ನೂ ಕೊಟ್ಟಿತು. ಶೇಷವನ್ನು ತೆಗೆಯದೆ ಬಿಡುವುದೂ ಸದಾ ನಿರಪಾಯವಲ್ಲ. ನಮ್ಮ ದೇಶದ ಚರ್ಮವೈದ್ಯರು ವರದಿಮಾಡಿರುವಂತೆ, ಹಣೆಗೆ ಅಂಟಿಸುವ ಸ್ಟಿಕ್ಕರ್ ಬೊಟ್ಟಿನ ಅಂಟಿನಲ್ಲಿ ಪ್ಯಾರಾ ಟರ್ಷರಿ ಬ್ಯುಟೈಲ್ ಫೀನಾಲ್ ಇದ್ದರೆ ಅದು ವರ್ಣಕೋಶಗಳನ್ನು ಕೊಂದು ಬೊಟ್ಟಿನ ಜಾಗದಲ್ಲಿಯೇ ಬಿಳಿಯ ಮಚ್ಚೆಯನ್ನು ಉಳಿಸುತ್ತದೆ.

ಇತ್ತ ಜಡವಸ್ತುಗಳ ಲೋಕದಲ್ಲಿ ಶೇಷದ ಸಮಸ್ಯೆ ಬೆಳೆದುದು ರಿಚರ್ಡ್ ಡ್ರೂ 1925ರಲ್ಲಿ ಬಣ್ಣಗಾರರ ಮರೆಪಟ್ಟಿಯನ್ನೂ 1930ರಲ್ಲಿ ಪಾರದರ್ಶಕವಾದ ಸೆಲ್ಲೋಫೇನ್ ಪಟ್ಟಿಯನ್ನೂ ತಂದ ಮೇಲೆ. 1935ರಲ್ಲಿ ಸ್ಟಾಂಟನ್ ಏವರಿಯ ಸ್ವಯಂ ಅಂಟುವ ಬೆಲೆಚೀಟಿ ಬಂದಿತು. ಹೊಸ ಸ್ಟೀಲ್ ಪಾತ್ರೆ ಕೊಂಡ ನಮ್ಮ ಮನೆಗಳಲ್ಲೆಲ್ಲ ಅದರ ಸಂತತಿಯ ಪರಿಚಯವುಂಟು. ಆದರೆ ಅತ್ಯಂತ ದುಬಾರಿಯಾದ ಪಾಠ ಕಲಿತವರು ಗ್ರಂಥಪಾಲಕರು. 1947ರಿಂದ ಮೃತಸಮುದ್ರದ ತೀರದ ಗುಹೆಗಳಲ್ಲಿ ದೊರೆತ, ಎರಡು ಸಾವಿರ ವರ್ಷ ಹಳೆಯ ಚರ್ಮಸುರುಳಿಗಳ ಸಾವಿರಾರು ಚೂರುಗಳನ್ನು ಜೆರೂಸಲೇಮಿನ ವಸ್ತುಸಂಗ್ರಹಾಲಯದಲ್ಲಿ ಹೊಂದಿಸುತ್ತಿದ್ದ ವಿದ್ವಾಂಸರು, 1950ರ ದಶಕದಲ್ಲಿ, ಆಗಿನ ಹೊಸ ಸೌಕರ್ಯವಾದ ಪಾರದರ್ಶಕ ಪಟ್ಟಿಯಿಂದಲೇ ಅವುಗಳನ್ನು ಜೋಡಿಸಿ ಗಾಜಿನ ಹಲಗೆಗಳ ನಡುವೆ ಇಟ್ಟರು. ರಬ್ಬರಿನ ಅಂಟಿಗೆ ಮೂರು ಅವಸ್ಥೆಗಳುಂಟು: ಮೊದಲು ಅದು ಮೇಲ್ಮೈಯಲ್ಲಿಯೇ ಇರುತ್ತದೆ, ವರ್ಷಗಳು ಕಳೆದಂತೆ ಆಮ್ಲಜನಕದಿಂದ ಸರಪಣಿಗಳು ತುಂಡಾಗಿ ಎಣ್ಣೆಯಂತಾಗಿ ಒಳಗಿಳಿಯುತ್ತದೆ, ಕೊನೆಗೆ ಆ ತುಂಡುಗಳೇ ಮತ್ತೆ ಕೊಂಡಿಹಾಕಿಕೊಂಡು ಹಳದಿಗೆಂಪಾಗಿ ಗಟ್ಟಿಯಾಗುತ್ತವೆ. ಮೊದಲ ಅವಸ್ಥೆಯಲ್ಲಿ ಸಾಲುವ ದ್ರಾವಕವು ಕೊನೆಯದರಲ್ಲಿ ಸಾಲದು. ಎರಡು ಸಹಸ್ರಮಾನ ಬಾಳಿದ ಚರ್ಮವು ಈ ಕೆಲವೇ ದಶಕಗಳಲ್ಲಿ ಅಂಚುಗಳಲ್ಲಿ ಕಪ್ಪಾಗಿ ಕರಗತೊಡಗಿತು. 1991ರಲ್ಲಿ ಸ್ಥಾಪಿತವಾದ ವಿಶೇಷ ಸಂರಕ್ಷಣಾಲಯದಲ್ಲಿ ಬಿಸಿಮಾಡಿದ ಅಲಗಿನಿಂದ ಪಟ್ಟಿಯನ್ನು ಎಬ್ಬಿಸಿ, ಉಳಿದ ಜಿಗುಟನ್ನು ಹೀರುವ ಲೇಪಗಳಿಂದ ಇಂಚಿಂಚಾಗಿ ತೆಗೆಯುವ ಕೆಲಸ ದಶಕಗಳಿಂದ ನಡೆಯುತ್ತಿದೆ. ಇಟಲಿಯ ಫ್ಲಾರೆನ್ಸ್ ವಿಶ್ವವಿದ್ಯಾಲಯದ ಪಿಯೆರೊ ಬಾಲ್ಯೋನಿಯವರ ಬಳಗವಾದರೋ, ದ್ರಾವಕದ ಅತಿಸೂಕ್ಷ್ಮ ಹನಿಗಳನ್ನು ನೀರಿನ ಜೆಲ್ಲಿಯಲ್ಲಿ ಸೆರೆಹಿಡಿದು, ಅಂಟಿಗೆ ಬೇಕಾದಷ್ಟನ್ನೇ ಬಿಟ್ಟುಕೊಡುವ ವಿಧಾನವನ್ನು ರೂಪಿಸಿತು.

ಮಾರುಕಟ್ಟೆಯ ದ್ರವಗಳಿಗೆ ಇನ್ನೊಂದು ದಿಕ್ಕಿನಿಂದ ಆಘಾತ ಬಂದಿತು. ಕಾರ್ಬನ್ ಟೆಟ್ರಾಕ್ಲೋರೈಡಿನ ಸ್ಥಾನವನ್ನು ಆಕ್ರಮಿಸಿದ್ದ ಟ್ರೈಕ್ಲೋರೋಈಥೇನು ಆಕಾಶದ ಓಜೋನ್ ಪದರಕ್ಕೆ ಹಾನಿಕರವೆಂದು 1990ರಲ್ಲಿ ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೆ ಸೇರಿ, 1996ರ ಆರಂಭಕ್ಕೆ ಮುಂದುವರಿದ ದೇಶಗಳಲ್ಲಿ ಅದರ ತಯಾರಿಕೆ ನಿಂತಿತು. ತೆರವಾದ ಜಾಗಕ್ಕೆ ಬಂದುದರಲ್ಲಿ ಮುಖ್ಯವಾದುದು, ಕಿತ್ತಳೆಯ ರಸ ಹಿಂಡುವ ಕಾರ್ಖಾನೆಗಳಲ್ಲಿ ಸಿಪ್ಪೆಯಿಂದ ಹೇರಳವಾಗಿ ಸಿಗುವ ಲಿಮೊನೀನ್. ಅದು 176 ಡಿಗ್ರಿಯಲ್ಲಿ ಕುದಿಯುತ್ತದಾದುದರಿಂದ ಈಥರಿನಂತೆ ಹಾರಿಹೋಗದೆ ಅಂಟಿನಲ್ಲಿ ಇಳಿಯಲು ಕಾಲಾವಕಾಶವನ್ನು ಪಡೆಯುತ್ತದೆ. ಆದರೆ ಥರ್ಮೊಕೋಲಿನಂಥ ಪಾಲಿಸ್ಟೈರೀನ್ ವಸ್ತುಗಳನ್ನೂ ಕರಗಿಸಿಬಿಡುತ್ತದೆ, ಗಾಳಿಗೆ ತೆರೆದಿಟ್ಟರೆ ಚರ್ಮಕ್ಕೆ ಅಲರ್ಜಿ ತರುವ ಪೆರಾಕ್ಸೈಡುಗಳಾಗಿ ಮಾರ್ಪಡುತ್ತದೆ. ನೀಲಗಿರಿಯ ತೈಲವೂ ಇದೇ ವರ್ಗದ ಕೆಲಸಗಾರ.

ಚರ್ಮದ ಮಟ್ಟಿಗೆ ನಿಜವಾದ ತಿರುವನ್ನು ತಂದುದು ಸಿಲಿಕೋನ್ ಎಂಬುದು ನನ್ನ ನಿರ್ಣಯ. ಈ ಕುಲದ ರಸಾಯನವನ್ನು ಶೋಧಿಸಿದ ಇಂಗ್ಲೆಂಡಿನ ಫ್ರೆಡರಿಕ್ ಕಿಪ್ಪಿಂಗ್ ಅದರಿಂದ ಯಾವ ಪ್ರಯೋಜನವನ್ನೂ ನಿರೀಕ್ಷಿಸಿರಲಿಲ್ಲ. ಅದರ ಅತ್ಯಂತ ಲಘುವಾದ ಸದಸ್ಯ ಹೆಕ್ಸಾಮಿಥೈಲ್‌ಡೈಸಿಲೋಕ್ಸೇನು. ನೀರಿನಂತೆ ಸುಮಾರು 100 ಡಿಗ್ರಿಯಲ್ಲಿ ಕುದಿಯುವ ಈ ದ್ರವದ ಮೇಲ್ಮೈ ಬಿಗುಪು ನೀರಿನದರ ಕಾಲುಭಾಗಕ್ಕಿಂತಲೂ ಕಡಿಮೆ. ಆದಕಾರಣ ಅದು ಅಂಟನ್ನು ಕರಗಿಸುವ ಶ್ರಮಕ್ಕೆ ಹೋಗದೆ, ಅಂಟಿಗೂ ಚರ್ಮಕ್ಕೂ ನಡುವಣ ಸಂದಿಯಲ್ಲಿ ನುಸುಳಿ ಹಿಡಿತವನ್ನು ಸಡಿಲಿಸುತ್ತದೆ, ಉರಿ ತರುವುದಿಲ್ಲ, ಆಮೇಲೆ ತಾನೇ ಆರಿಹೋಗುತ್ತದೆ. ಎಣ್ಣೆಯ ಜಿಡ್ಡು ಉಳಿದ ಜಾಗದಲ್ಲಿ ಹೊಸ ಪಟ್ಟಿ ನಿಲ್ಲದು; ಹೊಟ್ಟೆಯ ಮೇಲೆ ಮಲಚೀಲವನ್ನು ಧರಿಸಿ ಅದನ್ನು ಪದೇಪದೇ ಬದಲಾಯಿಸಬೇಕಾದ ರೋಗಿಗಳಿಗೂ, ಮುಟ್ಟಿದರೆ ಚರ್ಮ ಬೊಕ್ಕೆಯೇಳುವ ಎಪಿಡರ್ಮೊಲೈಸಿಸ್ ಬುಲ್ಲೋಸಾ ಎಂಬ ರೋಗದ ಮಕ್ಕಳಿಗೂ ಜಿಡ್ಡುಳಿಸದೆ ಆರಿಹೋಗುವ ಈ ಒಂದು ಗುಣವೇ ದೊಡ್ಡ ಉಪಕಾರವಾಗಿದೆ. ಆದರೆ ಇದೂ ಬೆಂಕಿಗೆ ಹೊತ್ತುವ ದ್ರವ.

ಇವೆಲ್ಲ ಸಿಗದ ಮನೆಯಲ್ಲಿ ಚರ್ಮದ ಮೇಲಿನ ಅಂಟಿಗೆ ಕೊಬ್ಬರಿ ಎಣ್ಣೆಯೂ ಹತ್ತು ನಿಮಿಷದ ತಾಳ್ಮೆಯೂ ಸಾಕು. ಪೆಟ್ರೋಲು, ಸೀಮೆಎಣ್ಣೆ, ಬಣ್ಣ ತೆಳುಮಾಡುವ ಥಿನ್ನರುಗಳನ್ನು ಮಕ್ಕಳ ಮೈಗಂತೂ ಮುಟ್ಟಿಸಬಾರದು. ಕಿತ್ತಳೆತೈಲದ ಸೀಸೆಯನ್ನು ತೆರೆದು ಬಹುಕಾಲವಾಗಿದ್ದರೆ ಅದನ್ನು ಪಾತ್ರೆಯ ಚೀಟಿ ಬಿಡಿಸಲು ಉಪಯೋಗಿಸಿ, ಕೈಗೆ ಹಚ್ಚಬೇಡಿ.